ಬೂಟು ಸರಿಯಾಗಿ ಬೆಂದಿಲ್ಲ, ಎರಡೇ ನಕ್ಷತ್ರ

ಚಾಪ್ಲಿನ್‌ನ ‘ದಿ ಗೋಲ್ಡ್ ರಷ್’ ಡಿಸ್ಕ್ ತರಿಸೋಣವೆಂದು ಹೊರಟವನು, ಮೊದಲೇ ಕೊಂಡವರು ಏನನ್ನುತ್ತಾರೆ ನೋಡೋಣವೆಂದು ಓದಲು ಕುಳಿತೆ. ಎರಡು ಗಂಟೆ ಹೋಯಿತು. ಚಿತ್ರವೇ ಅಷ್ಟು ಉದ್ದವಿಲ್ಲ.

ನಕ್ಷತ್ರ ನೋಡಿ ಹಣೆಬರಹ ಹೇಳುವುದು ಹಿಂದೆ ಜೋಯಿಸರ ಕೆಲಸವಾಗಿತ್ತು. ಈಗ ಗಿರಾಕಿಯದು. ಮೊದಲನೆಯ ಮಹಾಶಯರು ಕೊಟ್ಟದ್ದು ಒಂದು ನಕ್ಷತ್ರ, ಡಬ್ಬಿಯ ಮೂಲೆ ಜಜ್ಜಿಹೋಗಿತ್ತಂತೆ. ಒಳಗಿನ ಚಿತ್ರವನ್ನು ಅವರಿನ್ನೂ ನೋಡಿಲ್ಲ. ಎರಡನೆಯವರಿಗೆ ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ತಲುಪಿತು, ಐದು ನಕ್ಷತ್ರ. ತಂದುಕೊಟ್ಟ ಹುಡುಗನ ವಿನಯದ ವರ್ಣನೆಯೇ ನಾಲ್ಕು ಸಾಲು. ಸರಾಸರಿ ತೆಗೆದರೆ ಚಾಪ್ಲಿನ್‌ಗೆ ಮೂರು ದಕ್ಕಿತು, ಅದೂ ಆ ಹುಡುಗನ ಪುಣ್ಯದಿಂದ.

ಮೂರನೆಯವರ ನೋವು ಬೇರೆ. ಟಿವಿಯ ಎರಡು ಬದಿಗೂ ಕಪ್ಪು ಪಟ್ಟಿ. ಹಣ ತೆತ್ತದ್ದು ಇಡೀ ಪರದೆಗೆ, ಚಿತ್ರ ತುಂಬಿದ್ದು ಮುಕ್ಕಾಲು ಪಾಲಿಗೆ; ಉಳಿದ ಕಾಲು ಪಾಲಿನ ದುಡ್ಡು ವಾಪಸು ಬೇಕು. ಬಣ್ಣದ ವಿಷಯ ಅವರು ಎತ್ತಿಲ್ಲ, ಅದಕ್ಕೆ ಬೇರೆಯವರಿದ್ದಾರೆ.

ಸದ್ದಿನ ಜಗಳವಂತೂ ರಸಕವಳ. 1925ರಲ್ಲಿ ಬಂದದ್ದು ಮೂಕಿ. 1942ರಲ್ಲಿ ಚಾಪ್ಲಿನ್ ಅದನ್ನೇ ಮತ್ತೆ ಕತ್ತರಿಸಿ, ಬರಹದ ಫಲಕಗಳನ್ನು ಕಿತ್ತುಹಾಕಿ, ಸಂಗೀತ ಕೂಡಿಸಿ, ತನ್ನದೇ ದನಿಯಲ್ಲಿ ಕಥೆ ಹೇಳಿದ. ಆ ಮೂಕಿ ಧ್ವನಿಮುದ್ರಣದ ಆಸ್ಕರ್‌ಗೆ ನಾಮನಿರ್ದೇಶನವನ್ನೂ ಪಡೆಯಿತು! ಆದರೂ ಹಳೆಯದನ್ನು ಕೊಂಡವರು ಮಾತೇ ಕೇಳಿಸುವುದಿಲ್ಲವೆಂದು ದೂರುತ್ತಾರೆ. ಹೊಸದನ್ನು ಕೊಂಡವರಿಗೆ, ನಡುನಡುವೆ ಬಾಯಿ ಹಾಕುವ ಈ ಮನುಷ್ಯ ಯಾರೆಂಬ ಸಿಟ್ಟು. ಅವನು ಚಾಪ್ಲಿನ್ನೇ ಎಂದು ಯಾರೋ ತಿಳಿಸಿದರೆ, ಯಾರಾದರೂ ಒಳ್ಳೆಯ ದನಿಯವರನ್ನು ಹಿಡಿಯಬಾರದಿತ್ತೇ ಎಂಬ ಉತ್ತರ.

ಇದರ ಮೇಲೆ ಪಂಡಿತರು. ಹಳೆಯ ರೂಪದ ಕೊನೆಗೆ ಹಡಗಿನ ಮೇಲೊಂದು ಮುತ್ತು ಇದೆ, 1942ರಲ್ಲಿ ಅದು ಹಾರಿಹೋಗಿದೆ. ಸರಿ, ದೇವರ ಆನೆಗೆ ಯಾವ ನಾಮ ಹಾಕಬೇಕೆಂದು ಕೋರ್ಟು ಹತ್ತಿದವರಂತೆ ಮುತ್ತಿನವರು, ಮುತ್ತಿಲ್ಲದವರು ಎಂದು ಎರಡು ಪಂಗಡ. ಅಂಗಡಿಯವನಾದರೋ ಅಗ್ಗದ ಮಸುಕು ಡಿವಿಡಿ, ಒಪ್ಪಮಾಡಿದ ಬ್ಲೂ-ರೇ ಎಲ್ಲದರ ಅಭಿಪ್ರಾಯವನ್ನೂ ಒಂದೇ ಹಂಡೆಗೆ ಸುರಿದಿದ್ದಾನೆ. ಯಾರ ಮನೆಯ ಸಾರಿನ ಉಪ್ಪಿಗೆ ಯಾವ ಅಡುಗೆಯವನು ಬೈಸಿಕೊಳ್ಳುತ್ತಿದ್ದಾನೋ ತಿಳಿಯುವುದಿಲ್ಲ.

ಇನ್ನು ಆ ಬೂಟು. ಹಿಮದ ನಡುವಿನ ಗುಡಿಸಲು, ಒಲೆಯ ಮೇಲೆ ಪಾತ್ರೆ, ಪಾತ್ರೆಯೊಳಗೆ ಬೂಟು. ಹಸಿವು ತಾಳದ ಅಲೆಮಾರಿ, ಅಂದರೆ ಚಾಪ್ಲಿನ್, ಅದನ್ನು ತಟ್ಟೆಗೆ ತೆಗೆದು, ಹಬ್ಬದೂಟ ಬಡಿಸುವವನ ಗಾಂಭೀರ್ಯದಲ್ಲಿ ಮೇಲ್ಭಾಗ ಬೇರೆ, ಅಟ್ಟೆ ಬೇರೆ ಮಾಡುತ್ತಾನೆ. ದಾರವನ್ನು ಶಾವಿಗೆಯಂತೆ ಫೋರ್ಕಿಗೆ ಸುತ್ತಿಕೊಳ್ಳುತ್ತಾನೆ. ಮೊಳೆಗಳನ್ನು ಕೋಳಿಮೂಳೆಯಂತೆ ಒಂದೊಂದಾಗಿ ಚೀಪಿ ತಟ್ಟೆಯಂಚಿಗೆ ಇಡುತ್ತಾನೆ. ಬೂಟು ಮಾಡಿದ್ದು ಅತಿಮಧುರದ ಮಿಠಾಯಿಯಿಂದ, ನಮ್ಮಲ್ಲಿ ಗಂಟಲು ಕೆಟ್ಟಾಗ ಬಾಯಿಗೆ ಹಾಕಿಕೊಳ್ಳುವ ಅದೇ ಬೇರು. ಟೇಕಿನ ಮೇಲೆ ಟೇಕು, ತಿಂದೂ ತಿಂದೂ ಸಾಕಾಗಿರಬೇಕು.

ಇದಕ್ಕೆ ಒಬ್ಬರು ಬರೆದಿದ್ದಾರೆ: ಚರ್ಮ ಅಷ್ಟು ಬೇಗ ಬೇಯುವುದಿಲ್ಲ, ಸಂಶೋಧನೆ ಸಾಲದು, ಎರಡು ನಕ್ಷತ್ರ. ಮತ್ತೊಬ್ಬರಿಗೆ ಅದು ಮಿಠಾಯಿ ಎಂದು ಗೊತ್ತಾದಾಗಿನಿಂದ ಮೋಸಹೋದಂತಾಗಿದೆ. ಪಾದರಕ್ಷೆ ಆಹಾರವಲ್ಲ ಎಂಬ ಶಾಸನವಿಧಿಸಿದ ಎಚ್ಚರಿಕೆ ಪರದೆಯ ಕೆಳಗೆ ಇರಲಿ ಎನ್ನುವ ತಾಯಿಯೂ ಇದ್ದಾರೆ.

ಎಲ್ಲೋ ತಳದಲ್ಲಿ ಒಬ್ಬರು ಎರಡೇ ಸಾಲು ಬರೆದಿದ್ದರು. ದಾರ ಸುತ್ತುವುದನ್ನು ಕಂಡು ಅಜ್ಜಿಗೆ ನಗು ತಡೆಯದೆ ಕೆಮ್ಮು ಹತ್ತಿ, ಚಿತ್ರ ನಿಲ್ಲಿಸಿ ನೀರು ಕುಡಿಸಬೇಕಾಯಿತಂತೆ. ಅದು ಉಪಯುಕ್ತವೆಂದು ಒಬ್ಬನೂ ಒತ್ತಿಲ್ಲ. ಡಬ್ಬಿಯ ಸ್ಥಿತಿ ಹೇಗಿತ್ತೆಂದು ತಿಳಿಸಿಲ್ಲವಲ್ಲ ಎಂದು ಕೆಳಗೊಬ್ಬರು ಆಕ್ಷೇಪಿಸಿದ್ದಾರೆ.

ನನ್ನ ಡಿಸ್ಕ್ ನಿನ್ನೆ ಬಂತು. ಎಡಗಡೆಯ ಮೂಲೆ ಸ್ವಲ್ಪ ಜಜ್ಜಿದೆ. ನಾಲ್ಕೂ ಕಡೆಯಿಂದ ಫೋಟೊ ತೆಗೆದಿಟ್ಟಿದ್ದೇನೆ.