ಕಾಲುವೆಗೆ ಬರುವವರು ಸ್ವಲ್ಪ ಪುರುಸೊತ್ತು ತನ್ನಿ

ಕಳೆದ ತಿಂಗಳು ಇಲ್ಲಿನ ಮೂರು ಕನ್ನಡ ಕುಟುಂಬದವರು ಬೇರೆ ಬೇರೆಯಾಗಿ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದರು. "ನೀವು ವರ್ಷಾ ವರ್ಷ ನ್ಯಾರೋಬೋಟ್‌ನಲ್ಲಿ ಹೋಗ್ತೀರಲ್ಲ, ಈ ಸಲ ನಾವೂ ಬುಕ್ ಮಾಡ್ತಿದ್ದೀವಿ. ಮೂರು ದಿನದಲ್ಲಿ ಎಷ್ಟು ದೂರ ಹೋಗಬಹುದು?" ನ್ಯಾರೋಬೋಟ್ ಅಂದರೆ ಇಲ್ಲಿನ ಕಾಲುವೆಗಳಲ್ಲಿ ಓಡಿಸುವ ಕಿರಿದಾದ, ಉದ್ದನೆ ದೋಣಿ. ಮೂವರಿಗೂ ಫೋನಲ್ಲಿ ಅರ್ಧಂಬರ್ಧ ಉತ್ತರ ಕೊಟ್ಟೆ. ಮನಸ್ಸಿಗೆ ಸಮಾಧಾನ ಆಗಲಿಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ದಯವಿಟ್ಟು ಕೊನೆವರೆಗೂ ಓದಿ.

ನಾನಿರುವುದು ರಗ್ಬಿ ಊರಲ್ಲಿ, ಇಂಗ್ಲೆಂಡಿನ ನಡುಭಾಗ. ಮನೆಯಿಂದ ಇಪ್ಪತ್ತು ನಿಮಿಷ ನಡೆದರೆ ಆಕ್ಸ್‌ಫರ್ಡ್ ಕಾಲುವೆ ಸಿಗುತ್ತದೆ. ಕಾಲುವೆ ಅಂದ ತಕ್ಷಣ ನಮಗೆ ಗದ್ದೆಗೆ ನೀರು ಹರಿಸುವ ನಾಲೆ ನೆನಪಾಗುತ್ತದೆ. ಇಲ್ಲಿನದು ಹಾಗಲ್ಲ. ರೈಲು ಬರುವ ಮುಂಚೆ ಕಲ್ಲಿದ್ದಲು, ಮಡಕೆ, ಧಾನ್ಯ ಸಾಗಿಸೋದಕ್ಕೆ ತೋಡಿದ ನೀರಿನ ದಾರಿಗಳು ಇವು. ಜೇಮ್ಸ್ ಬ್ರಿಂಡ್ಲಿ ಅನ್ನುವ ಎಂಜಿನಿಯರ್ ಕೆಲಸ ಮಾಡಿದ ಬ್ರಿಡ್ಜ್‌ವಾಟರ್ ಕಾಲುವೆ 1761ರಲ್ಲಿ ಶುರುವಾಯಿತು. ಆಮೇಲೆ ಎಪ್ಪತ್ತು ವರ್ಷದೊಳಗೆ ದೇಶದ ತುಂಬಾ ಕಾಲುವೆಗಳಾದವು. ನೆಲ ಏರುವ, ಇಳಿಯುವ ಕಡೆ ಲಾಕ್ ಇರುತ್ತದೆ. ಲಾಕ್ ಅಂದರೆ ಎರಡು ತುದಿಗೂ ಬಾಗಿಲಿರುವ ತೊಟ್ಟಿ, ಬೋಟನ್ನು ಒಳಗೆ ನಿಲ್ಲಿಸಿ ನೀರು ತುಂಬಿಸಿದರೆ ಮೇಲೇರುತ್ತದೆ, ಖಾಲಿ ಮಾಡಿದರೆ ಕೆಳಗಿಳಿಯುತ್ತದೆ. ಈ ಭಾಗದ ಬಹಳಷ್ಟು ಲಾಕ್‌ಗಳು ಬರೀ ಏಳು ಅಡಿ ಅಗಲ. ಅದಕ್ಕೇ ಬೋಟ್ ಆರು ಅಡಿ ಹತ್ತು ಇಂಚು. ಉದ್ದ ಮಾತ್ರ ಎಪ್ಪತ್ತು ಅಡಿವರೆಗೂ ಇರುತ್ತದೆ. ನೀರ ಮೇಲೆ ತೇಲುವ ರೈಲು ಡಬ್ಬಿ ಅಂದುಕೊಳ್ಳಿ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಡದಲ್ಲಿ ನಡೆಯುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ.

ನಾವು ಮೊದಲ ಸಲ ಬೋಟ್ ಬಾಡಿಗೆಗೆ ತಗೊಂಡಿದ್ದು 2009ರಲ್ಲಿ. ಮಗಳಿಗೆ ಆಗ ಆರು ವರ್ಷ. ಮೊದಲ ಲಾಕ್ ಸಿಕ್ಕಿದ್ದು ನಮ್ಮೂರ ಪಕ್ಕದ ಹಿಲ್‌ಮಾರ್ಟನ್‌ನಲ್ಲಿ. ಅಲ್ಲಿ ಲಾಕ್‌ಗಳು ಜೋಡಿ ಜೋಡಿಯಾಗಿವೆ, ಒಂದರ ಪಕ್ಕ ಇನ್ನೊಂದು. ದೇಶದಲ್ಲೇ ಅತಿ ಹೆಚ್ಚು ಬೋಟ್ ದಾಟುವ ಲಾಕ್‌ಗಳಲ್ಲಿ ಇವೂ ಸೇರಿವೆ. ನಾನು ಕೈಯಲ್ಲಿ ವಿಂಡ್‌ಲಸ್ ಹಿಡಿದು ಸುಮ್ನೆ ನಿಂತಿದ್ದೆ. ವಿಂಡ್‌ಲಸ್ ಅಂದರೆ ಲಾಕಿನ ತೂಬು ಎತ್ತುವ ಕಬ್ಬಿಣದ ಹಿಡಿ. ಹೌದು, ನಮ್ಮ ಕೆರೆ ತೂಬಿನ ಹಾಗೇ ಅದು, ಇವರು ಪ್ಯಾಡಲ್ ಅನ್ನುತ್ತಾರೆ. ಪಕ್ಕದ ಲಾಕ್‌ನಲ್ಲಿದ್ದ ಒಬ್ಬ ಹಿರಿಯರು ತಮ್ಮ ಬೋಟನ್ನು ಹೆಂಡತಿ ಕೈಗೆ ಬಿಟ್ಟು ನಮ್ಮ ಹತ್ತಿರ ಬಂದರು. ಹಲ್ಲಿನ ಚಕ್ರಕ್ಕೆ ಹಿಡಿ ಹೇಗೆ ಕೂರಿಸಬೇಕು, ತೂಬನ್ನು ಮೊದಲು ಅರ್ಧ ಎತ್ತಿ ನೀರು ಸುಧಾರಿಸಿಕೊಳ್ಳುವವರೆಗೂ ಹೇಗೆ ಕಾಯಬೇಕು, ಹಿಡಿಯನ್ನು ಚಕ್ರದ ಮೇಲೇ ಬಿಟ್ಟು ಯಾಕೆ ಹೋಗಬಾರದು (ಜಾರಿ ತಿರುಗಿದರೆ ಕೈ ಮೂಳೆ ಮುರಿಯುತ್ತದೆ), ಎಲ್ಲಾ ಹೇಳಿಕೊಟ್ಟರು. ಬಾಗಿಲಿನ ದಪ್ಪ ಮರದ ತೊಲೆಗೆ ಬೆನ್ನು ಕೊಟ್ಟು ತಳ್ಳೋದನ್ನು ಮಗಳಿಗೂ ತೋರಿಸಿದರು. ಒಳಗೂ ಹೊರಗೂ ನೀರು ಸಮ ಆಗುವವರೆಗೆ ಆನೆ ಬಂದು ತಳ್ಳಿದರೂ ಆ ಬಾಗಿಲು ಅಲ್ಲಾಡಲ್ಲ. ಸಮ ಆದ ಕ್ಷಣ ಆರು ವರ್ಷದ ಮಗು ತಳ್ಳಿದರೂ ಮೆಲ್ಲಗೆ ತೆರೆದುಕೊಳ್ಳುತ್ತದೆ. ಆ ದಿನ ಅವಳ ಮುಖ ನೋಡಬೇಕಿತ್ತು.

ಅವರ ಹೆಸರು ಕೇಳಲಿಲ್ಲ. ಮುಕ್ಕಾಲು ಗಂಟೆ ನಮಗಾಗಿ ನಿಂತರು. ಅವರ ಹಿಂದೆ ಕಾಯುತ್ತಿದ್ದ ಬೋಟ್‌ನವರೂ ಒಂದು ಮಾತು ಆಡಲಿಲ್ಲ, ಕೆಟಲ್ ಇಟ್ಟು ಟೀ ಮಾಡಿಕೊಂಡರು.

ಈಗ ಜುಲೈ, ಆಗಸ್ಟ್‌ನಲ್ಲಿ ಹೋಗಿ ನೋಡಿ. ಸಾಲು. ಬ್ರಾನ್‌ಸ್ಟನ್ ಹತ್ತಿರ ಬೋಟ್ ಕಟ್ಟೋಕೆ ಮಧ್ಯಾಹ್ನ ಎರಡು ಗಂಟೆ ಒಳಗೆ ಜಾಗ ಹುಡುಕಿಕೊಳ್ಳಬೇಕು. ನ್ಯಾಪ್ಟನ್ ಗುಡ್ಡದ ಲಾಕ್ ಸಾಲಿನ ಬುಡದಲ್ಲಿ ಎರಡು ಮೂರು ಗಂಟೆ ಕಾದಿದ್ದೇವೆ. ನೀರು ತುಂಬಿಸುವ ನಲ್ಲಿ, ಶೌಚದ ಡಬ್ಬಿ ಖಾಲಿ ಮಾಡುವ ಜಾಗ, ಎಲ್ಲಾ ಕಡೆ ಸರದಿ. ಜನಕ್ಕೆ ಈ ಹುಚ್ಚು ಹಿಡಿಸಿದ್ದರಲ್ಲಿ ಟೀವಿಯ ಪಾಲು ದೊಡ್ಡದು. ತಿಮೊತಿ ವೆಸ್ಟ್, ಪ್ರುನೆಲ್ಲಾ ಸ್ಕೇಲ್ಸ್ ಅನ್ನುವ ವಯಸ್ಸಾದ ನಟ ದಂಪತಿ 2014ರಿಂದ ಟೀವಿಯಲ್ಲಿ ಕಾಲುವೆ ಸುತ್ತಿದರು. ಆಕೆಗೆ ಮರೆವಿನ ಕಾಯಿಲೆ ಶುರುವಾಗಿತ್ತು, ಆತ ಪಕ್ಕದಲ್ಲಿ ನಿಂತು ಚುಕ್ಕಾಣಿ ಹಿಡಿದಿದ್ದರು. ನೋಡಿದವರಿಗೆಲ್ಲ ಒಮ್ಮೆ ಹೋಗಿಬರೋಣ ಅನ್ನಿಸಿತು. ಆಮೇಲೆ ಕೊರೋನಾ. 2020, 2021ರ ಬೇಸಿಗೆಯಲ್ಲಿ ಹೊರದೇಶಕ್ಕೆ ಹೋಗಲಾಗದವರು ಇಲ್ಲೇ ರಜೆ ಕಳೆದರು, ಬಾಡಿಗೆ ಬೋಟ್ ಸಿಗೋದೇ ಕಷ್ಟವಾಯಿತು. ಇವತ್ತು ಇಂಗ್ಲೆಂಡ್, ವೇಲ್ಸ್‌ನ ಸುಮಾರು 2,000 ಮೈಲಿ ನೀರಿನ ದಾರಿಯನ್ನು ನೋಡಿಕೊಳ್ಳುವುದು ಕೆನಾಲ್ ಅಂಡ್ ರಿವರ್ ಟ್ರಸ್ಟ್. ಅವರ ಲೈಸೆನ್ಸ್ ಇರುವ ಬೋಟ್‌ಗಳೇ 30,000ಕ್ಕೂ ಜಾಸ್ತಿ. ಸರಕು ಸಾಗಿಸುತ್ತಿದ್ದ ಉಚ್ಛ್ರಾಯದ ಕಾಲಕ್ಕಿಂತ ಇವತ್ತು ಬೋಟ್ ಹೆಚ್ಚಿವೆ.

ಇದನ್ನು ನೋಡಿ ಹಳಬರು ಗೊಣಗುತ್ತಾರೆ. "ಮುಂಚೆ ಎಷ್ಟು ಚೆನ್ನಾಗಿತ್ತು, ಈಗ ಜಾತ್ರೆ ಆಗಿದೆ" ಅಂತ. ನನಗೆ ಆ ಮಾತು ಒಪ್ಪಿಗೆ ಇಲ್ಲ. ಈ ಕಾಲುವೆಗಳು ಉಳಿದಿರುವುದೇ ಜನ ಬಂದಿದ್ದರಿಂದ. ರೈಲು, ಲಾರಿ ಬಂದ ಮೇಲೆ ಇವು ಬೇಡವಾಗಿದ್ದವು. 1946ರಲ್ಲಿ ರಾಬರ್ಟ್ ಐಕ್‌ಮನ್, ಟಾಮ್ ರೋಲ್ಟ್ ಮುಂತಾದವರು ಸೇರಿ ಇನ್‌ಲ್ಯಾಂಡ್ ವಾಟರ್‌ವೇಸ್ ಅಸೋಸಿಯೇಷನ್ ಕಟ್ಟಿದರು. ಮುಚ್ಚಬೇಡಿ, ಉಳಿಸಿ ಅಂತ ಹೋರಾಡಿದರು. 1962–63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತವು. ಉಳಿದಿದ್ದ ಸರಕು ವ್ಯಾಪಾರ ಆಗ ಹೆಚ್ಚುಕಮ್ಮಿ ಮುಗಿದೇ ಹೋಯಿತು. ಅಂಥಾ ಹೊತ್ತಲ್ಲೂ ಸ್ಟ್ರಾಟ್‌ಫರ್ಡ್ ಕಾಲುವೆಯ ದಕ್ಷಿಣ ಭಾಗವನ್ನು ಸ್ವಯಂಸೇವಕರು, ಸೈನಿಕರು, ಜೈಲಿನ ಕೈದಿಗಳು ಕೂಡ ಸೇರಿ ಹೂಳೆತ್ತಿ, 1964ರಲ್ಲಿ ಮತ್ತೆ ನೀರು ಹರಿಸಿದರು. 1968ರ ಸಾರಿಗೆ ಕಾಯ್ದೆಯಲ್ಲಿ ಮೊದಲ ಸಲ, ಜನ ವಿಹಾರಕ್ಕೆ ಬಳಸುವ ಕಾಲುವೆಗಳು ಅಂತಲೇ ಒಂದು ವರ್ಗ ಮಾಡಿದರು. ಸರ್ಕಾರ ಅವನ್ನು ನಡೆಸಲೇಬೇಕಾಯಿತು. ಕೆನೆಟ್ ಅಂಡ್ ಏವನ್ 1990ರಲ್ಲಿ, ಹಡರ್ಸ್‌ಫೀಲ್ಡ್ ನ್ಯಾರೋ 2001ರಲ್ಲಿ, ರಾಚ್‌ಡೇಲ್ 2002ರಲ್ಲಿ ಮತ್ತೆ ತೆರೆದವು. ಬೇಕು ಅನ್ನುವ ಜನ ಇಲ್ಲದಿದ್ದರೆ ಇವೆಲ್ಲಾ ಕಸ ತುಂಬಿದ ಗುಂಡಿಗಳಾಗಿರುತ್ತಿದ್ದವು. ಆದ್ದರಿಂದ ಹೊಸಬರು ಬರಬೇಕು. ನಮ್ಮವರೂ ಬರಬೇಕು.

ನನ್ನ ಸಂಕಟ ಬೇರೆ. ಬರುವವರ ಹತ್ತಿರ ಪುರುಸೊತ್ತು ಇಲ್ಲ.

ಮುಂಚೆ ಒಂದು ವಾರ, ಎರಡು ವಾರ ತಗೊಳ್ಳುತ್ತಿದ್ದರು. ಈಗ ನನ್ನ ಪರಿಚಯದವರಲ್ಲಿ ಜಾಸ್ತಿ ಜನ ತಗೊಳ್ಳುವುದು ಮೂರು ರಾತ್ರಿ, ನಾಲ್ಕು ರಾತ್ರಿ. ದುಡ್ಡಿನ ಕಾರಣವೂ ಇದೆ, ಬೇಸಿಗೆ ರಜೆಯಲ್ಲಿ ದೊಡ್ಡ ಬೋಟ್ ವಾರಕ್ಕೆ ಎರಡು ಸಾವಿರ ಪೌಂಡ್ ದಾಟುವುದುಂಟು. ಆದರೆ ಮೂರು ದಿನದ ರಜೆಗೆ ಏಳು ದಿನದ ದಾರಿ ಇಟ್ಟುಕೊಂಡು ಬರುತ್ತಾರೆ. ವಾರ ತಗೊಂಡವರೂ ಅಷ್ಟೇ. ಫೋರ್ ಕೌಂಟೀಸ್ ರಿಂಗ್ ಅಂತ ಒಂದು ಸುತ್ತು ಇದೆ, ಸುಮಾರು 110 ಮೈಲಿ, 94 ಲಾಕ್. ಅದನ್ನು ಒಂದು ವಾರದಲ್ಲಿ ಮುಗಿಸಬೇಕಾದರೆ ದಿನಕ್ಕೆ ಎಂಟು ಒಂಬತ್ತು ಗಂಟೆ ಚುಕ್ಕಾಣಿ ಬಿಡೋ ಹಾಗಿಲ್ಲ. ಮಧ್ಯದಲ್ಲಿ ಒಂದು ಲಾಕ್ ಕೆಟ್ಟರೆ, ಒಂದು ಕಡೆ ಸರದಿ ಸಿಕ್ಕಿದರೆ, ಲೆಕ್ಕ ತಪ್ಪುತ್ತದೆ. ಆಗ ಶುರುವಾಗುತ್ತದೆ ಓಟ.

ಓಡಿದರೆ ಏನಾಗುತ್ತೆ? ದಡಕ್ಕೆ ಕಟ್ಟಿದ ಬೋಟ್‌ಗಳ ಪಕ್ಕ ವೇಗವಾಗಿ ಹೋದರೆ ನೀರು ಅವನ್ನು ಎಳೆಯುತ್ತದೆ, ಮಣ್ಣಿನಲ್ಲಿ ಹೊಡೆದ ಗೂಟ ಕಿತ್ತು ಬರುತ್ತದೆ. ಕಳೆದ ವರ್ಷ ಒಬ್ಬ ಅಜ್ಜಿಯ ಬೋಟ್ ಹಾಗೆ ಕಿತ್ತುಕೊಂಡು ಕಾಲುವೆಗೆ ಅಡ್ಡ ನಿಂತಿತ್ತು. ಅವರು ಒಳಗೆ ಸ್ಟವ್ ಮೇಲೆ ಸಾರು ಇಟ್ಟಿದ್ದರಂತೆ, ಅದು ಕಾಲ ಮೇಲೆ ಚೆಲ್ಲಿತ್ತು. ಹಗ್ಗ ಎಳೆದು ಮತ್ತೆ ಕಟ್ಟಿಕೊಟ್ಟು, ಅವರ ಕಾಲಿಗೆ ತಣ್ಣೀರು ಹಾಕಿದೆವು. ಹಾದುಹೋದವರಿಗೆ ಇದು ಗೊತ್ತೇ ಇಲ್ಲ. ಹಿಂತಿರುಗಿ ನೋಡಿದ್ದರಲ್ವಾ ಗೊತ್ತಾಗೋಕೆ.

ನೀರಿನ ವಿಷಯ ಇನ್ನೂ ಮುಖ್ಯ. ಒಂದು ಸಣ್ಣ ಲಾಕ್ ಒಂದು ಸಲ ತುಂಬಿ ಖಾಲಿ ಆದರೆ ಒಂದು ಲಕ್ಷ ಲೀಟರಿಗೂ ಜಾಸ್ತಿ ನೀರು ಕೆಳಗೆ ಹೋಗುತ್ತದೆ. ಅದು ಬರುವುದು ಬೆಟ್ಟದ ಮೇಲಿನ ಹಳೇ ಕೆರೆಗಳಿಂದ. ಒಂದು ಬೋಟ್ ಇಳಿದ ಮೇಲೆ ಅದೇ ಖಾಲಿ ಲಾಕ್‌ನಲ್ಲಿ ಎದುರಿನಿಂದ ಬಂದವರು ಹತ್ತಿದರೆ ಒಂದೇ ತುಂಬು ನೀರಿನಲ್ಲಿ ಇಬ್ಬರ ಕೆಲಸ ಆಗುತ್ತದೆ. ಅದಕ್ಕೇ ಹಳೇ ಪದ್ಧತಿ: ಲಾಕಿನ ನೀರಿನ ಮಟ್ಟ ಎದುರಿನವರಿಗೆ ಸರಿಯಾಗಿದ್ದರೆ, ಅವರು ಕಣ್ಣಿಗೆ ಕಾಣುತ್ತಿದ್ದರೆ, ನೀವು ಕಾಯಬೇಕು. ಕಾಯದೆ ನೀರನ್ನು ನಿಮ್ಮ ಮಟ್ಟಕ್ಕೆ ತಂದುಕೊಂಡರೆ ಅಷ್ಟು ನೀರು ಸುಮ್ನೆ ಪೋಲು. 2016ರಲ್ಲಿ ನಾನೇ ಈ ತಪ್ಪು ಮಾಡಿದ್ದೇನೆ. ಬೋಟ್ ವಾಪಸ್ ಕೊಡೋಕೆ ತಡ ಆಗಿತ್ತು, ಎದುರಿಗೆ ಬೋಟ್ ಬರುತ್ತಿದ್ದುದು ಕಂಡರೂ ತೂಬು ಎತ್ತಿಬಿಟ್ಟೆ. ಬಂದವರು ಬೈಯಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದರು. ಅದು ಇವತ್ತಿಗೂ ಚುಚ್ಚುತ್ತದೆ. 2025ರಲ್ಲಿ ಮಳೆ ಕೈಕೊಟ್ಟಾಗ ಲೀಡ್ಸ್–ಲಿವರ್‌ಪೂಲ್ ಕಾಲುವೆಯ ದೊಡ್ಡ ಭಾಗಕ್ಕೆ ಮೇ ತಿಂಗಳಲ್ಲೇ ಬೀಗ ಬಿತ್ತು. ಆಮೇಲೆ ಒಂದೊಂದಾಗಿ ಬೇರೆ ಕಡೆಯೂ ಮುಚ್ಚಿದರು. ಎಷ್ಟೋ ಜನರ ರಜೆ ಕೆಟ್ಟಿತು. ಅಂಥಾ ವರ್ಷದಲ್ಲಿ ಒಂದು ಲಾಕ್ ನೀರಿಗೆ ಎಷ್ಟು ಬೆಲೆ ಅಂತ ಬಯಲುಸೀಮೆ ಕಡೆಯಿಂದ ಬಂದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಜೀವದ ಮಾತು. ಕಳೆದ ಬೇಸಿಗೆ ನ್ಯಾಪ್ಟನ್‌ನಲ್ಲಿ ಸರದಿಯಲ್ಲಿ ನಿಂತಿದ್ದೆವು. ಮೇಲಿನಿಂದ ಏಳೆಂಟು ಹುಡುಗರ ಬಾಡಿಗೆ ಬೋಟ್ ಇಳಿಯುತ್ತಿತ್ತು. ಲಾಕಿನ ಮೇಲಿನ ಬಾಗಿಲ ಕೆಳಗೆ ಒಂದು ಕಲ್ಲಿನ ಹೊಸ್ತಿಲು ಇರುತ್ತದೆ. ನೀರು ತುಂಬಿದ್ದಾಗ ಕಾಣಲ್ಲ. ಪಕ್ಕದ ಗೋಡೆ ಮೇಲೆ ಬಿಳಿ ಗೆರೆ ಬರೆದಿರುತ್ತಾರೆ, ಬೋಟಿನ ಹಿಂಭಾಗ ಆ ಗೆರೆಯಿಂದ ಮುಂದಿರಬೇಕು. ಚುಕ್ಕಾಣಿ ಹಿಡಿದ ಹುಡುಗ ಫೋನ್‌ನಲ್ಲಿ ಚಿತ್ರ ತೆಗೆಯುತ್ತಿದ್ದ. ಬೋಟ್ ಮೆಲ್ಲಗೆ ಹಿಂದಕ್ಕೆ ಜಾರಿತ್ತು. ಕೆಳಗಿನ ಎರಡು ತೂಬನ್ನೂ ಪೂರ್ತಿ ಎತ್ತಿದ್ದರು, ಬೇಗ ಆಗಲಿ ಅಂತ. ಕರ್ರ್ ಅಂತ ಕಬ್ಬಿಣ ಕಲ್ಲಿಗೆ ಉಜ್ಜುವ ಸದ್ದು ಬಂತು. ಒಳಗೆ ತಟ್ಟೆಗಳು ಬಿದ್ದ ಸದ್ದು. ನೋಡಿದರೆ ಹಿಂಭಾಗ ಹೊಸ್ತಿಲ ಮೇಲೆ ಕೂತಿದೆ, ಮುಂಭಾಗ ನೀರಿನ ಜೊತೆ ಇಳಿಯುತ್ತಿದೆ. ಇನ್ನು ಸ್ವಲ್ಪ ಬಿಟ್ಟಿದ್ದರೆ ಬೋಟ್ ಮುಗ್ಗರಿಸಿ ಮುಳುಗುತ್ತಿತ್ತು. ಒಳಗೆ ಇಬ್ಬರು ಮಲಗಿದ್ದರು.

ನಾನೂ ಇನ್ನೊಬ್ಬರೂ ಓಡಿದೆವು. ಕೆಳಗಿನ ತೂಬು ಇಳಿಸಿದೆವು. ಮೇಲಿನ ತೂಬನ್ನು ಒಂದೊಂದೇ ಹಲ್ಲು ಎತ್ತಿ ನೀರು ಬಿಟ್ಟೆವು. ಬೋಟ್ ಎದ್ದು ತೇಲಿತು. ಹುಡುಗರು ನಡುಗುತ್ತಿದ್ದರು. ಬಿಳಿ ಗೆರೆ ಬಗ್ಗೆ ಯಾರೂ ಹೇಳಲಿಲ್ವಾ ಅಂತ ಕೇಳಿದೆ. ಹೇಳಿದ್ದರಂತೆ, ಇಪ್ಪತ್ತು ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಕೀ ಕೈಗೆ ಕೊಟ್ಟಿದ್ದರಂತೆ. ಇಲ್ಲಿ ಬೋಟ್ ಬಾಡಿಗೆಗೆ ತಗೊಳ್ಳೋಕೆ ಯಾವ ಲೈಸೆನ್ಸ್ ಪರೀಕ್ಷೆಯೂ ಇಲ್ಲ. ಇಪ್ಪತ್ತು ಟನ್ ತೂಗುವ ಉಕ್ಕನ್ನು ಇಪ್ಪತ್ತು ನಿಮಿಷದ ಪಾಠದಲ್ಲಿ ನಡೆಸು ಅಂದರೆ ಹೇಗೆ? ಕೊಡುವವರೂ ಮೊದಲ ಲಾಕ್‌ವರೆಗೆ ಜೊತೆಗೆ ಬಂದು ಕಲಿಸಬೇಕು. ಒಳ್ಳೆಯ ಕೆಲವರು ಹಾಗೆ ಮಾಡುತ್ತಾರೆ. ಎಲ್ಲರೂ ಮಾಡಬೇಕು ಅಂತ ಕೇಳುವ ಹಕ್ಕು ದುಡ್ಡು ಕೊಡುವ ನಮಗಿದೆ.

ಆ ಹುಡುಗರಿಗೆ ಅಲ್ಲಿದ್ದ ಒಬ್ಬ ಬೋಟ್ ಮಾಲೀಕ ಬಾಯಿಗೆ ಬಂದ ಹಾಗೆ ಬೈದ. ನನಗೆ ಬಹಳ ಬೇಜಾರಾಯಿತು. 2009ರಲ್ಲಿ ನನ್ನ ಕೈಯಲ್ಲಿ ವಿಂಡ್‌ಲಸ್ ನೋಡಿ ಆ ಹಿರಿಯರು ಹೀಗೆ ಬೈದಿದ್ದರೆ ನಾನು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ.

ಬೋಟ್‌ನಲ್ಲೇ ವಾಸ ಮಾಡುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಲಂಡನ್, ಬಾತ್ ಕಡೆ ದಡದುದ್ದಕ್ಕೂ ಬೋಟ್ ಕಟ್ಟಿರುತ್ತಾರೆ, ಕೆಲವು ಕಡೆ ಒಂದಕ್ಕೊಂದು ಅಂಟಿಸಿ ಎರಡು ಸಾಲು. ರಜೆಗೆ ಬಂದವರಿಗೆ ನಿಲ್ಲೋಕೆ ಜಾಗ ಇಲ್ಲ ಅಂತ ದೂರು. 1995ರ ಕಾಯ್ದೆ ಪ್ರಕಾರ ಸ್ವಂತ ಜಾಗ ಇಲ್ಲದ ಬೋಟ್ ಒಂದು ಕಡೆ 14 ದಿನಕ್ಕಿಂತ ಜಾಸ್ತಿ ನಿಲ್ಲಬಾರದು. 2024ರಿಂದ ಇವರಿಗೆ ಲೈಸೆನ್ಸ್ ಮೇಲೆ ಹೆಚ್ಚಿನ ಶುಲ್ಕ ಬೇರೆ. ನನ್ನ ಪರಿಚಯದ ಒಬ್ಬ ನರ್ಸ್ ಹೀಗೆ ವಾಸ ಮಾಡುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದು, ನಿದ್ದೆ ಬಿಟ್ಟು, ಬೋಟ್ ಮುಂದಿನ ಜಾಗಕ್ಕೆ ಸರಿಸುತ್ತಾರೆ. ಅಲ್ಲಿ ಮನೆ ಬಾಡಿಗೆ ಕಟ್ಟುವ ಶಕ್ತಿ ಇಲ್ಲ. ನಾವು ವರ್ಷಕ್ಕೊಂದು ವಾರ ಬಂದು ಅವರನ್ನು ಅಡ್ಡಿ ಅನ್ನುವುದು ಸರಿಯಲ್ಲ. ಚಳಿಗಾಲದಲ್ಲಿ ಕಾಲುವೆಗೆ ಜೀವ ಇರುವುದು ಅವರಿಂದಲೇ. ಒಡೆದ ಬಾಗಿಲು, ಸೋರುವ ದಡ ಮೊದಲು ಕಣ್ಣಿಗೆ ಬೀಳುವುದೂ ಅವರಿಗೇ.

ಸೋರುವ ದಡ ಅಂದೆ. 2025ರ ಜನವರಿ 1ರಂದು ಬ್ರಿಡ್ಜ್‌ವಾಟರ್ ಕಾಲುವೆಯ ಏರಿಯೇ ಒಡೆದು ನೀರು ಹೊಲಕ್ಕೆ ನುಗ್ಗಿತು. ಅದು ಟ್ರಸ್ಟಿನ ಕಾಲುವೆ ಅಲ್ಲ, ಆದರೆ ಎಲ್ಲಾ ಕಡೆ ಕಟ್ಟಡದ ವಯಸ್ಸು ಒಂದೇ, ಇನ್ನೂರು ವರ್ಷದ ಮೇಲೆ. ಇತ್ತ ಟ್ರಸ್ಟಿಗೆ ಸರ್ಕಾರ ಕೊಡುವ ಅನುದಾನ 2027ರಿಂದ ವರ್ಷಾ ವರ್ಷ ಇಳಿಯಲಿದೆ ಅಂತ 2023ರಲ್ಲೇ ಹೇಳಿಯಾಗಿದೆ. ಜನ ಹೆಚ್ಚುತ್ತಿರುವ ಹೊತ್ತಲ್ಲಿ ದುಡ್ಡು ಕಡಿಮೆ ಮಾಡುವುದು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ. ಬ್ರಿಟನ್‌ನಲ್ಲಿ ಓಟು ಇರುವವರು ನಿಮ್ಮ ಎಂಪಿಗೆ ಒಂದು ಪತ್ರ ಬರೆಯಿರಿ. ನಾನು ಬರೆದಿದ್ದೇನೆ.

ಈಗ ನಿಮ್ಮ ಪ್ರಶ್ನೆ. ಮೂರು ದಿನಕ್ಕೆ ಎಷ್ಟು ದೂರ? ಬ್ರಾನ್‌ಸ್ಟನ್‌ನಿಂದ ಹೊರಡಿ. ಮೊದಲ ಐದು ಮೈಲಿ ಲಾಕೇ ಇಲ್ಲ, ಚುಕ್ಕಾಣಿ ಕೈಗೆ ಹೊಂದಿಕೊಳ್ಳುತ್ತದೆ. ನ್ಯಾಪ್ಟನ್ ಗುಡ್ಡದ ಮೇಲೆ ಗಾಳಿಯಂತ್ರ ಕಾಣಿಸುತ್ತದೆ. ಕಾಲುವೆ ಗುಡ್ಡವನ್ನು ಬಳಸಿ ಸುತ್ತುವುದರಿಂದ ಅದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬರುತ್ತದೆ. ಮೊದಲ ರಾತ್ರಿ ಲಾಕ್‌ಗಳ ಕೆಳಗೆ ನಿಲ್ಲಿ. ಎರಡನೇ ದಿನ ಲಾಕ್ ಹತ್ತಿ. ಪಕ್ಕದ ಹೊಲದಲ್ಲಿ ಎಮ್ಮೆ ಸಾಕುತ್ತಾರೆ, ನಮ್ಮ ಕಡೆಯ ಹಾಗೇ ಕರೀ ಎಮ್ಮೆ. ನಮ್ಮಮ್ಮ ಬಂದಿದ್ದಾಗ ಅವನ್ನು ನೋಡುತ್ತಾ ಒಂದು ಗಂಟೆ ಅಲ್ಲೇ ಕೂತಿದ್ದರು. ಮೇಲೆ ಬೋಟ್ ತಿರುಗಿಸಿಕೊಂಡು ಮೂರನೇ ದಿನ ನಿಧಾನಕ್ಕೆ ವಾಪಸ್ ಬನ್ನಿ. ಅಷ್ಟೇ ಸಾಕು.

ಹೊರಡುವ ಮುಂಚಿನ ಯಾವುದಾದರೂ ಶನಿವಾರ ಬೆಳಿಗ್ಗೆ ಹಿಲ್‌ಮಾರ್ಟನ್‌ಗೆ ಬನ್ನಿ, ಮಕ್ಕಳನ್ನೂ ಕರೆತನ್ನಿ. ಹಾದುಹೋಗುವ ಬೋಟ್‌ಗಳವರನ್ನು ಕೇಳಿ ಅವರಿಗೆ ಬಾಗಿಲು ತೆರೆಯೋಣ, ಬಿಳಿ ಗೆರೆ ತೋರಿಸುತ್ತೇನೆ. ಎರಡು ಗಂಟೆ ಬೇಕು. ವಿಂಡ್‌ಲಸ್ ನನ್ನ ಹತ್ತಿರ ಮೂರು ಇದೆ, ಫ್ಲಾಸ್ಕ್‌ನಲ್ಲಿ ಕಾಫಿ ತರುತ್ತೇನೆ.