ಪೆಟ್ರೋಲ್ ಕಾರಿಗೂ ಚಾರ್ಜ್ ಬೇಕಲ್ವಾ?

ಪುಣೆಯ ಮಾಲುಗಳಲ್ಲಿ ಗಾಡಿ ನಿಲ್ಲಿಸಲು ಎಲ್ಲಕ್ಕಿಂತ ಒಳ್ಳೆ ಜಾಗ ಚಾರ್ಜರಿನ ಮುಂದಿನದು. ಲಿಫ್ಟಿಗೆ ಹತ್ತಿರ. ನೆಲಕ್ಕೆ ಹಸಿರು ಬಣ್ಣ, ಗೋಡೆಗೆ ಎಲೆಯ ಚಿತ್ರ, ತಲೆ ಮೇಲೆ ಝಗಮಗ ಲೈಟು. ಇಂಥ ಜಾಗವನ್ನು ಸುಮ್ನೆ ಎಲೆಕ್ಟ್ರಿಕ್ ಕಾರುಗಳಿಗೆ ಬಿಟ್ಟುಕೊಡಲು ನಮಗೇನು ಹುಚ್ಚೇ? ಭಾನುವಾರ ಸಂಜೆ ಹೋಗಿ ನೋಡಿ. ಅಲ್ಲೊಂದು ದೊಡ್ಡ ಡೀಸೆಲ್ ಗಾಡಿ ನಿಂತಿರುತ್ತದೆ. ಒಳಗೆ ಡ್ರೈವರ್ ಎಸಿ ಹಾಕಿಕೊಂಡು ಮಲಗಿರುತ್ತಾನೆ. ಇಂಜಿನ್ ಗುರ್ ಅನ್ನುತ್ತಿರುತ್ತದೆ. ಹೊಗೆಯೆಲ್ಲ ಗೋಡೆಯ ಮೇಲಿನ ಆ ಎಲೆಗೇ ಅಭಿಷೇಕ.

ಸರ್ಕಾರಗಳನ್ನು ಬೈಯುವ ಹಾಗಿಲ್ಲ. 2018ರಲ್ಲೇ ಎಲೆಕ್ಟ್ರಿಕ್ ಗಾಡಿಗಳಿಗೆ ಹಸಿರು ನಂಬರ್ ಪ್ಲೇಟು ಬಂತು. ಓದು ಬಾರದವರಿಗೂ ಯಾವ ಗಾಡಿ ಯಾವುದು ಅಂತ ದೂರದಿಂದಲೇ ಗೊತ್ತಾಗುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಟ್ಟಡ ನಿಯಮ ತಿದ್ದಿ, ಪಾರ್ಕಿಂಗಿನ ಶೇಕಡಾ 20ರಷ್ಟು ಜಾಗ ಚಾರ್ಜಿಂಗಿಗೆ ಸಜ್ಜಾಗಿರಲಿ ಎಂದಿತು. ಮಹಾರಾಷ್ಟ್ರ 2021ರಲ್ಲಿ ಒಂದು ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದಿತು, 2025ರಲ್ಲಿ ಇನ್ನೊಂದು. ಮುಂಬೈಯ ಅಟಲ್ ಸೇತುವೆಯಲ್ಲಿ ಎಲೆಕ್ಟ್ರಿಕ್ ಕಾರಿಗೆ ಟೋಲೂ ಮಾಫಿ. ಸಮುದ್ರ ದಾಟುವುದು ಅಷ್ಟು ಸಲೀಸು. ಚಾರ್ಜರಿನ ಮುಂದಿನ ಹತ್ತಡಿ ದಾಟುವುದೇ ಆಗದ ಕೆಲಸ.

ಬೆಳಗಾವಿಯಿಂದ ಎಲೆಕ್ಟ್ರಿಕ್ ಕಾರಲ್ಲಿ ಬಂದ ನಮ್ಮ ಕಾಕಾ ಇದನ್ನು ಕಣ್ಣಾರೆ ಕಂಡರು. ವಾಚ್‌ಮನ್ ವಿಜಯಪುರದ ಕಡೆಯ ಹುಡುಗ. ಕನ್ನಡ ಕೇಳಿ ಅವನ ಮುಖ ಅರಳಿತು. ಬಂದ ಲಾಭ ಅಷ್ಟೇ.

"ತಮ್ಮಾ, ಈ ಗಾಡಿ ತಗಸಪಾ."

"ಮಾಲಕರು ಮ್ಯಾಲೆ ಹೋಗ್ಯಾರ್ರೀ ಕಾಕಾ. ಐದ ಮಿನಿಟ್ ಅಂದಾರ."

"ಯಾವಾಗ ಅಂದಾರ?"

"ಪಿಕ್ಚರ್ ಸುರು ಆಗೂ ಮುಂದ ರೀ. ಈಗ ಇಂಟರ್ವಲ್ ಆಗಿರಬೇಕು."

ಹುಡುಗನನ್ನು ಏನಂತ ಬೈಯುವುದು? ರಸ್ತೆಯಲ್ಲಾದರೆ ಟ್ರಾಫಿಕ್ ಪೊಲೀಸರು ಗಾಡಿ ಎತ್ತಿಕೊಂಡು ಹೋಗುತ್ತಾರೆ. ಮಾಲಿನ ಬೇಸ್‌ಮೆಂಟಿಗೆ ಅವರು ಇಳಿಯುವುದಿಲ್ಲ. ಇವನ ಕೈಯಲ್ಲಿರುವುದು ಒಂದು ಸೀಟಿ. ಅದನ್ನೂ ದೊಡ್ಡ ಗಾಡಿ ಕಂಡರೆ ಮೆಲ್ಲಗೆ ಊದಬೇಕು.

ಕೊನೆಗೂ ಮಾಲೀಕರು ಪಾಪ್‌ಕಾರ್ನ್ ಸಮೇತ ಇಳಿದು ಬರುತ್ತಾರೆ. "ಜಾಗ ಖಾಲಿ ಇತ್ತಲ್ಲ?" ಅನ್ನುತ್ತಾರೆ. ಹೌದು ಸ್ವಾಮಿ, ಆಂಬುಲೆನ್ಸ್ ಕೂಡ ಮುಕ್ಕಾಲು ಹೊತ್ತು ಖಾಲಿಯೇ ಇರುತ್ತದೆ, ಹೋಗಿ ಮಲಗಿಕೊಳ್ಳಿ. ಇನ್ನು ಕೆಲವರ ವಾದ ವೈಜ್ಞಾನಿಕ: "ನಮ್ಮ ಗಾಡೀಲೂ ಬ್ಯಾಟರಿ ಇದೆ." ಇದೆ. 12 ವೋಲ್ಟಿನದು. ಹಾರ್ನ್ ಹೊಡೆಯಲು ಅದು ಬೇಕೇ ಬೇಕು, ಪುಣೆಯಲ್ಲಂತೂ ಸ್ವಲ್ಪ ಜಾಸ್ತಿಯೇ ಬೇಕು. ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟಾರೂ ಇರುವ ಹೈಬ್ರಿಡ್ ಕಾರಿನವರದು ಇನ್ನೂ ಗಟ್ಟಿ ದನಿ. ನಮ್ಮಲ್ಲಿ ಓಡುವ ಹೈಬ್ರಿಡ್‌ಗಳಲ್ಲಿ ಹೆಚ್ಚಿನವಕ್ಕೆ ಪ್ಲಗ್ ಚುಚ್ಚಲು ತೂತೇ ಇಲ್ಲ ಎಂಬ ಸಣ್ಣ ವಿಷಯ ಅವರನ್ನು ಬಾಧಿಸುವುದಿಲ್ಲ.

ಹಾಗಂತ ಇವಿಯವರೆಲ್ಲ ಸಾಧುಗಳೇನಲ್ಲ. ಫಾಸ್ಟ್ ಚಾರ್ಜರಿನಲ್ಲಿ ಶೇಕಡಾ 80 ದಾಟಿದ ಮೇಲೆ ಚಾರ್ಜು ಆಮೆಯಾಗುತ್ತದೆ. ಆದರೂ 100 ಆಗುವ ತನಕ ಬಿಡುವುದಿಲ್ಲ, ಆದ ಮೇಲೆ ಊಟಕ್ಕೆ ಹೋಗುತ್ತಾರೆ. ಅವರ ಕಥೆ ಇನ್ನೊಂದು ದಿನ.

ನನಗೆ ಅರ್ಥವಾಗದ್ದು ಬೇರೆ. ಇದು ಪುಣೇರಿ ಪಾಟಿಗಳ, ಅಂದರೆ ಚುಚ್ಚುಮಾತಿನ ಬೋರ್ಡುಗಳ ಊರು. ಬೆಲ್ ಎರಡು ಸಲ ಒತ್ತಿದವರ, ಪಕ್ಕದ ಮನೆ ವಿಳಾಸ ಕೇಳಿದವರ ಮಾನ ಎರಡೇ ಸಾಲಲ್ಲಿ ತೆಗೆಯುವ ಬೋರ್ಡುಗಳು ಪೇಠೆಗಳ ಬಾಗಿಲು ಬಾಗಿಲಿಗೂ ನೇತಾಡುತ್ತವೆ. ಗೇಟಿನ ಮುಂದೆ ಗಾಡಿ ಇಟ್ಟರೆ ಗಾಳಿ ಬಿಡಲಾಗುವುದು ಅಂತ ಸದಾಶಿವ ಪೇಠೆಯ ಅಜ್ಜಂದಿರು ಯಾರ ಮುಲಾಜೂ ಇಲ್ಲದೆ ಬರೆಸುತ್ತಾರೆ. ಚಾರ್ಜರಿನ ಬೋರ್ಡು ಮಾತ್ರ ದಯವಿಟ್ಟು ಸಹಕರಿಸಿ ಅಂತ ಇಂಗ್ಲಿಷಿನಲ್ಲಿ ಗೋಗರೆಯುತ್ತದೆ. ಈ ಗುತ್ತಿಗೆಯನ್ನು ಅಂಥ ಒಬ್ಬ ಅಜ್ಜನಿಗೆ ಕೊಟ್ಟು ನೋಡಬೇಕು. ಅವರು ಹೀಗೆ ಬರೆಸಿಯಾರು:

"ಪೆಟ್ರೋಲ್, ಡೀಸೆಲ್ ಗಾಡಿಗಳು ಇಲ್ಲಿ ಫುಲ್ ಚಾರ್ಜ್ ಆಗುವ ತನಕ ನಿಲ್ಲಬಹುದು. ಅಲ್ಲಿಯವರೆಗೆ ನಿಮ್ಮ ನಾಲ್ಕೂ ಟೈರಿನ ಗಾಳಿ ನಮ್ಮ ಬಳಿ ಜೋಪಾನವಾಗಿರುತ್ತದೆ."