ಅವರು ಹಾಕಿದ್ರೆ ನಿಮಗುಂಟು

ಹಾಸನದಲ್ಲಿ ಬ್ಯಾಸ್ಕೆಟ್‌ಬಾಲ್ ಪಂದ್ಯ ನಡೆದರೆ ಸ್ಕೋರರ್ ಕುರ್ಚಿಗೆ ನನ್ನನ್ನೇ ಕರೆಯುತ್ತಾರೆ. ಅಕ್ಷರ ದುಂಡಗಿದೆ, ಬೈದರೆ ತಿರುಗಿ ಬೈಯುವುದಿಲ್ಲ. ಅಷ್ಟು ಅರ್ಹತೆ ಸಾಕು. ಬೈಗುಳದ ಮುಕ್ಕಾಲು ಪಾಲು ಬರುವುದು ಟೈಮ್ ಔಟ್, ಅಂದರೆ ತಂಡದ ಜೊತೆ ಮಾತಾಡಲು ಕೋಚ್ ಕೇಳುವ ಒಂದು ನಿಮಿಷದ ಬಿಡುವಿನ ದೆಸೆಯಿಂದ.

ಮೊನ್ನೆ ಕೊನೆಯ ಕ್ವಾರ್ಟರ್‌ನಲ್ಲಿ ಕೋಚ್ ಒಬ್ಬರು ಟೇಬಲ್‌ಗೇ ಬಂದು ಕೈಸನ್ನೆ ಮಾಡಿ ಕೇಳಿದರು. ಚೆಂಡು ಇನ್ನೂ ಆಟದಲ್ಲಿತ್ತು. ತಲೆಯಾಡಿಸಿದೆ, ಬಜರ್ ಒತ್ತಲಿಲ್ಲ.

"ಏನ್ರೀ, ಕಿವಿ ಕೇಳಲ್ವಾ?"

ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ ಫಿಬಾದ ನಿಯಮದ ಟೈಮ್ ಔಟ್ ಹಾಸನಾಂಬೆಯ ಗುಡಿ ಬಾಗಿಲಿದ್ದ ಹಾಗೆ. ಭಕ್ತಿ ಎಷ್ಟೇ ಇರಲಿ, ತೆರೆದಾಗಲೇ ದರ್ಶನ. ಚೆಂಡು ಡೆಡ್ ಆಗಿ, ಅಂದರೆ ಆಟ ನಿಂತು, ಗಡಿಯಾರವೂ ನಿಂತು, ರೆಫರಿ ಟೇಬಲ್‌ಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿರಬೇಕು. ಫೌಲ್‌ಗೆ ಪರಿಹಾರವಾಗಿ ಸಿಗುವ ಫ್ರೀ ಥ್ರೋಗಳಲ್ಲಿ ಕೊನೆಯದು ಒಳಗೆ ಬಿದ್ದರೂ ಆದೀತು. ಇಲ್ಲವೇ ಎದುರಾಳಿ ಬ್ಯಾಸ್ಕೆಟ್ ಹಾಕಬೇಕು. ಗೆರೆಯಾಚೆಯಿಂದ ಒಳಗೆಸೆಯುವ ಥ್ರೋ-ಇನ್‌ಗೆ ಚೆಂಡು ಆಟಗಾರನ ಕೈ ಸೇರಿತೋ, ಮುಗಿಯಿತು.

ಅಷ್ಟರಲ್ಲಿ ಅವರ ಹುಡುಗರೇ ಬ್ಯಾಸ್ಕೆಟ್ ಹಾಕಿದರು. ಕೋಚ್ ಮುಖ ಅರಳಿತು. "ಈಗ ಕೊಡಿ!"

"ಸಾರ್, ನೀವು ಹಾಕಿದ್ರೆ ನಿಮಗಿಲ್ಲ. ಅವರು ಹಾಕಿದ್ರೆ ನಿಮಗುಂಟು."

"ಅಂದ್ರೆ ಟೈಮ್ ಔಟ್ ಬೇಕು ಅಂದ್ರೆ ನಾವು ಹೊಡೆಸ್ಕೋಬೇಕೇನ್ರೀ?"

ಹೌದು ಅಂದರೆ ಕುರ್ಚಿ ಹಾರಿ ಬರುತ್ತಿತ್ತು. ಪೆನ್ನಿನ ಮುಚ್ಚಳ ಹುಡುಕಿದೆ.

ಹಿಂದೆ ಕೂತಿದ್ದ ನಮ್ಮ ಸೋದರಮಾವ ಸಕಲೇಶಪುರದ ತೋಟದವರು. ನಿದ್ದೆಗೆಟ್ಟು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುತ್ತಾರೆ. ಅಲ್ಲಿ ಚೆಂಡು ಹಿಡಿದ ಆಟಗಾರನೇ ಟೈಮ್ ಔಟ್ ಕೇಳಬಹುದು. ಇಲ್ಲಿ ಆ ಹಕ್ಕು ಕೋಚ್‌ಗೆ ಮತ್ತು ಅವರ ಮೊದಲ ಸಹಾಯಕರಿಗೆ ಮಾತ್ರ. ಅದು ಗೊತ್ತಿದ್ದೂ ಮಾವ, "ಮರಿ, ನೀನೇ ಕೇಳೋ!" ಎಂದು ಕೂಗಿಬಿಟ್ಟರು. 1993ರ ಅಮೆರಿಕದ ಕಾಲೇಜು ಫೈನಲ್‌ನಲ್ಲಿ ಮಿಷಿಗನ್‌ನ ಕ್ರಿಸ್ ವೆಬ್ಬರ್ ಟೈಮ್ ಔಟ್ ಖಾಲಿಯಾಗಿದ್ದಾಗ ಕೇಳಿ ಟೆಕ್ನಿಕಲ್ ಫೌಲ್ ತೆಗೆದುಕೊಂಡ ಕಥೆಯನ್ನು ಮಾತ್ರ ಮಾವ ಯಾರಿಗೂ ಹೇಳುವುದಿಲ್ಲ.

ಆಗ ತಾನೇ ಚೆಂಡು ಕಸಿದುಕೊಂಡಿದ್ದ ಹುಡುಗ ಮಾತು ಕೇಳಿದ. ನಡು ಅಂಗಳದಲ್ಲಿ ನಿಂತು, ಚೆಂಡನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಎರಡೂ ಕೈಯಲ್ಲಿ ಸನ್ನೆ ಮಾಡಿದ. ರೆಫರಿ ಸುಮ್ಮನೆ ನೋಡಿದರು. ಎದುರಾಳಿ ಕಂಕುಳಿಂದ ಚೆಂಡು ಎಳೆದುಕೊಂಡು ಓಡಿ ಬ್ಯಾಸ್ಕೆಟ್ ಹಾಕಿದ.

ನಾನು ಬಜರ್ ಒತ್ತಿದೆ. "ಸಾರ್, ನಿಮ್ಮ ಟೈಮ್ ಔಟ್."

ಸಿಕ್ಕ ಒಂದು ನಿಮಿಷದಲ್ಲಿ ಕೋಚ್ ತಂಡದ ಕಡೆ ಹೋಗಲೇ ಇಲ್ಲ. ಅರ್ಧ ಮಾವನ ಜೊತೆ ಜಗಳಕ್ಕೆ, ಉಳಿದದ್ದು ನನಗೆ ನ್ಯಾಯ ಕೇಳುವುದಕ್ಕೆ ಸರಿಹೋಯಿತು. 50ನೇ ಸೆಕೆಂಡಿಗೆ ಟೈಮರ್ ಸದ್ದು ಮಾಡಿದಾಗ ಅವರು ದನಿ ತಗ್ಗಿಸಿ ಕೇಳಿದರು: "ಇನ್ನೊಂದು ಉಳಿದಿದೆಯೇನ್ರೀ?"

ದ್ವಿತೀಯಾರ್ಧದ ಮೂರೂ ಮುಗಿದಿದ್ದವು.